ನೆಟ್ಟಗೆ ನಿಂತವಳ ಅಳತೆ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಹೆಂಗಸರ ಒಳಉಡುಪಿನ ವಿಷಯವನ್ನು ಗಂಡಸೊಬ್ಬ ಭಾನುವಾರದ ಪುರವಣಿಗೆ ಬರೆಯಬಹುದೇ ಎಂದು ಹದಿನೈದು ದಿನ ಯೋಚಿಸಿದ್ದೇನೆ. ಹಗಲು ಗುಮಾಸ್ತಿಕೆ, ಸಂಜೆ ಕಾಲೇಜು ಎಂದು ಓದಿಕೊಂಡವನಿಗೆ ಇಂಥದ್ದಕ್ಕೆ ಬೇಕಾದ ಹದದ ಮಾತು ಒಲಿದಿದೆ ಎಂಬ ನಂಬಿಕೆಯೂ ಇಲ್ಲ. "ಬರೀರಿ, ಆದ್ರೆ ಹಲ್ಲು ಕಿರ್ಕಂಡು ಬರೀಬ್ಯಾಡಿ" ಎಂದು ಅದನ್ನು ಹೊಲಿಯುವ ಮಂಚಮ್ಮನವರೇ ಹೇಳಿದ ಮೇಲೆ ಕುಳಿತಿದ್ದೇನೆ. ಇದರಲ್ಲಿ ತಪ್ಪಿದ್ದರೆ ನನ್ನದು, ಅವರದಲ್ಲ.

ಶುಕ್ರವಾರದ ಬೆಳಗಿನ ಜಾವ. ಚಿನಕುರಳಿಯ ಹೊರಗಿನ ನಾಲೆ ಏರಿಯ ಮೇಲೆ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಐವತ್ನಾಲ್ಕು ವರ್ಷದ ಮಂಚಮ್ಮ ಒಂದು ಕಲ್ಲಿನ ಮೇಲೆ ಕುಳಿತಿದ್ದಾರೆ. ಸೆರಗಿನಲ್ಲಿ ದಾರ ಪೋಣಿಸಿದ ಎರಡು ಸೂಜಿ, ಮಡಿಲಲ್ಲಿ ಕತ್ತರಿ. ಅವರ ಮುಂದೆ ಏರಿಯುದ್ದಕ್ಕೂ ಒಬ್ಬ ಯುವತಿ ಓಡುತ್ತಿದ್ದಾಳೆ. ತಮ್ಮನ ಹಳೆಯ ಅಂಗಿ, ಚೂಡಿದಾರದ ಪ್ಯಾಂಟು, ಬರಿಗಾಲು. ಹೆಸರು ರಂಜಿತ, ವಯಸ್ಸು ಇಪ್ಪತ್ತಾರು. ಸೋಮವಾರ ಮಂಡ್ಯದ ಮೈದಾನದಲ್ಲಿ ಮಹಿಳಾ ಪೇದೆಯ ಕೆಲಸಕ್ಕೆ ಓಟದ ಪರೀಕ್ಷೆ ಇದೆ. ಮತ್ತೊಮ್ಮೆ ಅರ್ಜಿ ಕರೆಯುವ ಹೊತ್ತಿಗೆ ಆಕೆಯ ವಯಸ್ಸು ಮೀರಿರುತ್ತದೆ. ಇದೇ ಕೊನೆಯದು.

ಓಡುವವರನ್ನು ನೋಡುವವರೆಲ್ಲ ಕಾಲು ನೋಡುತ್ತಾರೆ. ಮಂಚಮ್ಮ ಭುಜ ನೋಡುತ್ತಾರೆ. ರಂಜಿತ ಅಂಗಿಯ ಒಳಗೆ ತೊಟ್ಟಿರುವ ಬಾಡಿ ಅವರೇ ಹೊಲಿದದ್ದು.

ಹೋದ ವರ್ಷ ಇದೇ ಪರೀಕ್ಷೆಯಲ್ಲಿ, ಸಂತೆಯಲ್ಲಿ ಕೊಂಡ ಬಾಡಿಯ ಹೆಗಲಪಟ್ಟಿ ಅರ್ಧ ಓಟದಲ್ಲಿ ಕಿತ್ತುಹೋಯಿತು. ರಂಜಿತ ಓಟ ನಿಲ್ಲಿಸಲಿಲ್ಲ, ಆದರೆ ಒಂದು ಕೈ ತಾನಾಗಿ ಎದೆಗೆ ಹೋಯಿತು. ಒಂದೇ ಕೈ ಬೀಸಿ ಓಡಿದವಳು ಎರಡು ಸೆಕೆಂಡು ತಡವಾಗಿ ಗೆರೆ ಮುಟ್ಟಿದಳು. ಕಾರಣವನ್ನು ಮೈದಾನದಲ್ಲಿ ಹೇಳಲಿಲ್ಲ. ಮನೆಯಲ್ಲಿ ಕಾಲು ಉಳುಕಿತು ಎಂದಳು. ನಿಜ ಗೊತ್ತಾದದ್ದು ಈ ವರ್ಷ, ಅದೂ ಮೊದಲು ಮಂಚಮ್ಮನಿಗೆ.

ಮೂರನೆಯ ಓಟ. ಮಂಚಮ್ಮನ ಎದುರಿಗೆ ಬರುವಷ್ಟರಲ್ಲಿ ರಂಜಿತ ತಟ್ಟನೆ ನಿಲ್ಲುತ್ತಾಳೆ. ಕೈ ಮತ್ತೆ ಎದೆಯ ಮೇಲಿದೆ. ಕಂಕುಳ ಕೆಳಗಿನ ಹೊಲಿಗೆ ಬಿಟ್ಟಿದೆ.

"ನಿನ್ ತಪ್ಪಲ್ಲ ಕಣವ್ವ. ನನ್ ಒಲ್ಗೆ ಕಿತ್ತೋಗಿರೋದು," ಎನ್ನುತ್ತಾರೆ ಮಂಚಮ್ಮ.

"ಮೂರೇ ದಿನ ಐತೆ ದೊಡ್ಡವ್ವ."

"ನಂಗೂ ಎಣ್ಸಕ್ಕೆ ಬತ್ತದೆ. ಮನೆಗೋಗಿ ಮೈ ಒರುಸ್ಕ. ಕಿತ್ತೋಗಿರೋದ ತಂದ್ಕೊಡು."

ಮಂಚಮ್ಮ ಕತ್ತರಿ ಎತ್ತಿಕೊಂಡು ಮನೆಯ ಕಡೆ ಹೊರಡುತ್ತಾರೆ. ನಾನು ಹಿಂದೆ ನಡೆಯುತ್ತೇನೆ.

ಮಂಚಮ್ಮನ ಗಂಡ ಕರಿಯಯ್ಯ ಊರಿನ ದರ್ಜಿ. ಅಂಗಿ, ಪಟಾಪಟಿ ಚಡ್ಡಿ ಹೊಲಿಯುತ್ತಿದ್ದವರು. ಈಗ ಕಣ್ಣು ಮಂಜಾಗಿ ಗುಂಡಿಗೆ ಕಾಜಾ ಹಾಕುವುದೂ ಕಷ್ಟ. ಅವರು ಹೆಂಗಸರ ಅಳತೆ ಮುಟ್ಟುತ್ತಿರಲಿಲ್ಲ. ಹೆಂಗಸರು ತಮ್ಮ ಹಳೆಯ ರವಿಕೆಯನ್ನು ಅಳತೆಗೆ ಎಂದು ಕೊಟ್ಟು ಹೋಗುತ್ತಿದ್ದರು. ಬಾಡಿಗೂ ಅದೇ ಕ್ರಮ. ಇವತ್ತಿಗೂ ಈ ಸೀಮೆಯ ಬಹುಪಾಲು ಊರುಗಳಲ್ಲಿ ಹಾಗೇ ನಡೆಯುತ್ತದೆ. ಸಂತೆಯಲ್ಲಿ ಕೊಳ್ಳುವುದಾದರೆ ಇನ್ನೂ ಕಷ್ಟ. ಮಾರುವವನು ಗಂಡಸು. ಸೈಜು ಬಾಯಿಬಿಟ್ಟು ಹೇಳಲು ನಾಚಿಕೆ. ದೂರದಿಂದ ಕೈ ತೋರಿಸಿ, ಕಾಗದದಲ್ಲಿ ಸುತ್ತಿಸಿಕೊಂಡು, ಸೊಪ್ಪಿನ ಕೆಳಗೆ ಬಚ್ಚಿಟ್ಟು ತರುತ್ತಾರೆ. ಮನೆಯಲ್ಲಿ ಹಾಕಿ ನೋಡಿದಾಗ ಬಿಗಿಯಾದರೆ ಬಿಗಿ, ಸಡಿಲವಾದರೆ ಸಡಿಲ. ವಾಪಸು ಕೊಡುವ ಮಾತೇ ಇಲ್ಲ.

ಮಂಚಮ್ಮ ಹಳೆಯ ಬಾಡಿಯನ್ನು ಅಳತೆಗೆ ತೆಗೆದುಕೊಳ್ಳುವುದಿಲ್ಲ. "ಅಳೇದ್ರಲ್ಲಿ ಇರೋ ತಪ್ಪ ಒಸದ್ಕೂ ಒಲ್ದು ಕೊಡ್ಬೇಕಾ? ಇಪ್ಪತ್ತು ವರ್ಸದಿಂದ ಅದೇ ತಪ್ಪ ಆಕಂಡು ತಿರುಗ್ತಾವ್ರೆ," ಎನ್ನುತ್ತಾರೆ.

ಅವರ ಬಳಿ ಟೇಪು ಇದೆ, ಆದರೆ ಅಂಕಿ ಕೂಗಿದರೆ ಹೆಂಗಸರು ಮುದುರಿಕೊಳ್ಳುತ್ತಾರೆ. ಅದಕ್ಕೆ ನೂಲಿನ ದಾರದಲ್ಲಿ ಅಳೆದು ಗಂಟು ಹಾಕುತ್ತಾರೆ. ದಾರದ ತುದಿಗೆ ಆ ಹೆಂಗಸಿನ ಹಳೆಯ ಸೀರೆಯ ಒಂದು ಚಿಂದಿ. ಹೆಸರು ಬರೆಯುವುದಿಲ್ಲ. ಚಿಂದಿ ನೋಡಿದರೆ ಯಾರದೆಂದು ಅವರಿಗೆ ಗೊತ್ತು. ಬಿಸ್ಕತ್ತಿನ ಡಬ್ಬದಲ್ಲಿ ಇಂಥ ಇನ್ನೂರ ಹನ್ನೆರಡು ದಾರಗಳಿವೆ. ನಾನು ಎರಡು ಸಲ ಎಣಿಸಿದೆ. ಮೊದಲ ಸಲ ಇನ್ನೂರ ಹದಿಮೂರು ಬಂದಿತ್ತು.

ಒಂದು ಬಾಡಿಗೆ ಏಳು ತುಂಡು, ನಾಲ್ಕು ಹುಕ್ಕು. ದಿನಕ್ಕೆ ಹೊಲಿಯುವುದು ನಾಲ್ಕು, ಬೆಳಕು ಚೆನ್ನಾಗಿದ್ದರೆ ಐದು. ಸೋಮವಾರ ಗಂಜಾಂ, ಕಬ್ಬು ನುರಿಯುವ ತಿಂಗಳುಗಳಲ್ಲಿ ಮಾಕವಳ್ಳಿ ಸುತ್ತಿನ ಊರುಗಳು, ತಿಂಗಳಿಗೊಮ್ಮೆ ನಾಗಮಂಗಲ. ಅಳತೆ ತೆಗೆಯಲು, ಹೊಲಿದದ್ದನ್ನು ಕೊಟ್ಟುಬರಲು ಬಟ್ಟೆಚೀಲ ಹೊತ್ತು ಬಸ್ಸು ಹತ್ತುತ್ತಾರೆ. ಕಂಡಕ್ಟರುಗಳಲ್ಲಿ ಕೆಲವರು ಹಿಂದಿನಿಂದ "ಬಾಡಿ ಮಂಚಮ್ಮ" ಎನ್ನುತ್ತಾರೆ. "ಅನ್ಲಿ ಬುಡಿ, ಅವ್ರ ಹೆಂಡ್ರೂ ನನ್ತಾವೇ ಬರೋದು," ಎಂದು ನಗುತ್ತಾರೆ.

ಕಲ್ಲುಕ್ವಾರಿಯಲ್ಲಿ ಜಲ್ಲಿ ಹೊರುವ ಹೆಂಗಸರೇ ಅವರಿಗೆ ಈ ಕೆಲಸ ಕಲಿಸಿದ್ದು. ನೈಲಾನಿನ ಬಿಗಿ ಪಟ್ಟಿ, ಬೆವರು, ಕಲ್ಲಿನ ದೂಳು ಸೇರಿ ಹೆಗಲ ಮೇಲೆ ಹುಣ್ಣು. ಒಗೆದದ್ದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಸೀರೆಯ ಕೆಳಗೆ ಹರವಿ, ಅರೆ ಹಸಿಯಲ್ಲೇ ತೊಟ್ಟುಕೊಂಡು ಹೋಗುವುದು. ಅವರನ್ನು ಮಂಚಮ್ಮ ಬಗ್ಗಿಸಿ, ಬುಟ್ಟಿ ಎತ್ತಿಸಿ, ಆಮೇಲೆ ಅಳೆಯುತ್ತಾರೆ.

"ಸುಮ್ಕೆ ನಿಂತ್ಕಂಡು ಅಳ್ತೆ ಕೊಟ್ರೆ ಸುಮ್ಕೆ ನಿಂತ್ಕಳಕ್ಕೇ ಸರಿ ಆಯ್ತದೆ. ಕೈ ಎತ್ಬೇಕು. ಕೆಳಗಿನ ಪಟ್ಟಿ ಮ್ಯಾಕೆ ಬಂತು ಅಂದ್ರೆ ಅದು ನಿಂದಲ್ಲ. ಹೆಗಲಪಟ್ಟಿ ಕೆಳಕ್ಕೆ ಎಲ್ಡು ಬೆರಳು ಓಗ್ಬೇಕು. ಸಾಯಂಕಾಲ ಬಿಚ್ಚಿದಾಗ ಮೈಮ್ಯಾಲೆ ಬರೆ ಇರ್ಬಾರ್ದು. ಬಟ್ಟೆ ಒಗ್ದು ಒಣಗ್ಸಿದ್ಮೇಲೇ ನಾನು ಕತ್ರುಸೋದು, ಆಮೇಲೆ ಕುಗ್ಬಾರ್ದು ನೋಡಿ. ಬಿಸಿಲಿಗಾಕ್ರವ್ವ ಅಂತ ಬಾಯಿ ಬಡ್ಕತೀನಿ. ಸೂರ್ಯ ನೋಡಿದ್ರೆ ಏನಾಯ್ತದೆ?"

ಇಷ್ಟು ತಿಳಿದ ಕೈಯ ಹೊಲಿಗೆ ಯಾಕೆ ಬಿಟ್ಟಿತು? ಶುಕ್ರವಾರವಿಡೀ ಮಂಚಮ್ಮ ಬೇರೆ ಕೆಲಸ ಮುಟ್ಟುವುದಿಲ್ಲ. ಬಾಡಿಯ ಏಳು ತುಂಡನ್ನೂ ಬಿಚ್ಚಿ ಚಾಪೆಯ ಮೇಲೆ ಹರವುತ್ತಾರೆ. ಬಟ್ಟೆ ಗಟ್ಟಿಯಾಗಿದೆ. ನೂಲು ಸರಿಯಿದೆ. ರಂಜಿತಳ ದಾರವನ್ನು ಒಂದೊಂದು ತುಂಡಿಗೂ ಹಿಡಿದು ನೋಡುತ್ತಾರೆ, ಗಂಟಿಗೆ ಗಂಟು ಕೂಡುತ್ತದೆ.

"ದಾರ ಸುಳ್ಳೇಳಲ್ಲ," ಎನ್ನುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಮತ್ತೆ ಅನ್ನುತ್ತಾರೆ. ಒಳಗಿನಿಂದ ಕರಿಯಯ್ಯ, "ಸ್ವಲ್ಪ ಸಡಿಲ ಬುಟ್ಟು ಒಲ್ದುಕೊಡು, ಮುಗೀತು," ಎನ್ನುತ್ತಾರೆ.

"ಸಡಿಲ ಬುಟ್ರೆ ಹೋದ್ ವರ್ಸುದ್ ಕತೇನೇ ಆಯ್ತದೆ. ನೀವು ಚಡ್ಡಿ ಒಲ್ದೋರು, ಸುಮ್ಕಿರಿ."

ಶನಿವಾರ ಬೆಳಿಗ್ಗೆ ರಂಜಿತ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುತ್ತಾಳೆ. ದಾರಿ ಮಂಚಮ್ಮನ ಮನೆಯ ಮುಂದೆಯೇ. ತಲೆ ತಗ್ಗಿದೆ, ಎರಡೂ ಭುಜ ಮುಂದಕ್ಕೆ ಮುದುರಿವೆ, ಖಾಲಿ ಕೈ ಎದೆಗೆ ಅಡ್ಡ ಇದೆ. ಹಿಂದೆ ಬರುತ್ತಿರುವ ಇನ್ನಿಬ್ಬರು ಹುಡುಗಿಯರೂ ಹಾಗೆಯೇ. ಮಂಚಮ್ಮ ಬಾಗಿಲಲ್ಲಿ ನಿಂತು ನೋಡುತ್ತಾರೆ. ನೋಡುತ್ತಲೇ ಇರುತ್ತಾರೆ.

"ಪೇಪರ್ನಪ್ಪ, ನಾನು ಬಗ್ಗಿರೋಳ ಅಳ್ತೆ ತಗಂಡಿವ್ನಿ ಕಣಪ್ಪ," ಎಂದು ನನ್ನ ಕಡೆ ತಿರುಗುತ್ತಾರೆ. "ಓಡೋವಾಗ ಯಾರು ಬಗ್ತಾರೆ? ಉಸ್ರು ಎಳುದ್ರೆ ಎದೆ ಬಿಚ್ಕತದೆ, ಭುಜ ಇಂದಕ್ಕೋಯ್ತದೆ. ನನ್ ಒಲ್ಗೆ ತಡ್ದಾತಾ? ನಮ್ಮೂರ್ ಎಣ್ಮಕ್ಳೆಲ್ಲ ಇಂಗೇ ನಡೆಯೋದು. ದಿನಾ ನೋಡಿ ನೋಡಿ ಅದೇ ಸರಿ ಅನ್ನುಸ್ಬುಟ್ಟಿತ್ತು ನಂಗೆ."

ತಪ್ಪು ಎಲ್ಲಿದೆ ಎಂದು ಸಿಕ್ಕಿತು. ಆದರೆ ಉಳಿದಿರುವುದು ಎರಡು ದಿನ. ಮಂಚಮ್ಮ ರಂಜಿತಳನ್ನು ಡೈರಿಯಿಂದ ಹಾಗೇ ಕರೆಸುತ್ತಾರೆ. ಆಕೆಯ ಜೊತೆ ತಾಯಿ ಜಯಲಕ್ಷ್ಮಮ್ಮನೂ ಬರುತ್ತಾರೆ. ಬಾಗಿಲು ಹಾಕಿಕೊಳ್ಳುತ್ತದೆ. ನಾನು ಜಗಲಿಯ ಮೇಲೆ. ಮುಂದಿನದು ನಾನು ಕೇಳಿಸಿಕೊಂಡದ್ದು ಮಾತ್ರ, ಕಂಡದ್ದಲ್ಲ.

"ಅದೇನು ಮಂಚಕ್ಕ, ಅವಳ್ನ ಅಂಗೆ ಎದೆ ಸೆಟುಸಿ ನಿಲ್ಲುಸ್ತೀಯ?" ಇದು ಜಯಲಕ್ಷ್ಮಮ್ಮ.

"ಬಾಗ್ಲು ಆಕೈತಲ್ಲ. ಗ್ವಾಡೆ ತೂತು ಮಾಡ್ಕಂಡು ಯಾರಾರ ನೋಡ್ತಾರಾ?"

"ಅದೇ ಅಭ್ಯಾಸ ಆಗೋದ್ರೆ?"

"ಆಗ್ಲಿ ಅಂತ್ಲೇ ಕಣವ್ವ. ಪೋಲೀಸ್ನೋಳು ಮುದುರ್ಕಂಡು ನಿಂತ್ರೆ ಕಳ್ಳ ಎದುರ್ಕತಾನಾ? ನೀನು ಈಚೆ ಓಗಿ ಕುಂತ್ಕ. ನೀನಿದ್ರೆ ಅವಳ ಬೆನ್ನು ನೆಟ್ಟಗಾಗಲ್ಲ."

ಜಯಲಕ್ಷ್ಮಮ್ಮ ಹೊರಗೆ ಬಂದು, ಜಗಲಿಯ ಆ ತುದಿಯಲ್ಲಿ ಕೂರುತ್ತಾರೆ. "ನಾನೇ ಕಣಪ್ಪ ಕಲ್ಸಿದ್ದು," ಎನ್ನುತ್ತಾರೆ. "ಬಗ್ಗಿ ನಡಿ, ಬಗ್ಗಿ ನಡಿ ಅಂತ ಬೆನ್ನಿಗೆ ಗುದ್ದಿವ್ನಿ. ನಮ್ಮವ್ವ ನಂಗೂ ಗುದ್ದಿದ್ಳು. ಅದು ಕೆಲ್ಸಕ್ಕೆ ಅಡ್ಡ ಬತ್ತದೆ ಅಂತ ಯಾರಿಗ್ ಗೊತ್ತಿತ್ತು?" ಹೋದ ವರ್ಷ ಹೆಗಲಪಟ್ಟಿ ಕಿತ್ತುಹೋದದ್ದನ್ನೂ ಮಗಳು ಈಗ ಹೇಳಿದ್ದಾಳೆ ಎನ್ನುತ್ತಾರೆ.

ಒಳಗಿನಿಂದ ಮಂಚಮ್ಮನ ದನಿ. "ಇನ್ನೂ."

"ಇಷ್ಟೇ ದೊಡ್ಡವ್ವ."

"ಇಷ್ಟೇ ಅಲ್ಲ. ಇನ್ನೂ ಐತೆ. ಭುಜ ಇಂದಕ್ಕಾಕು."

"ನೋಯ್ತದೆ."

"ನೋವಲ್ಲ ಅದು, ರೂಢಿ ಇಲ್ಲ. ಉಸ್ರು ಎಳ್ಕ. ಬುಡಬ್ಯಾಡ. ಈಗ ನಿಂತಲ್ಲೇ ಓಡು. ಮೂವತ್ತು ಎಣ್ಸು."

ನೆಲದ ಮೇಲೆ ಕಾಲಿನ ಸದ್ದು. ಒಂದು, ಎರಡು ಎಂದು ರಂಜಿತ ಏದುತ್ತ ಎಣಿಸುತ್ತಾಳೆ. ಜಗಲಿಯಲ್ಲಿ ತಾಯಿಯ ತುಟಿಯೂ ಅಲ್ಲಾಡುತ್ತಿದೆ. ಮೂವತ್ತಕ್ಕೆ ಸದ್ದು ನಿಲ್ಲುತ್ತದೆ, ಮಂಚಮ್ಮ ಮತ್ತೆ ದಾರ ಸುತ್ತುತ್ತಿರಬೇಕು. ಆಮೇಲೆ ನನಗೆ ತೋರಿಸಿದ ದಾರದಲ್ಲಿ ಹೊಸ ಗಂಟು ಹಳೆಯದಕ್ಕಿಂತ ಎರಡೂವರೆ ಬೆರಳು ಮುಂದಿದೆ. ಹೊರಗೆ ಬಂದ ರಂಜಿತ ಇನ್ನೂ ನೆಟ್ಟಗೇ ಇದ್ದಾಳೆ. ಜಯಲಕ್ಷ್ಮಮ್ಮ ಮಗಳನ್ನು ಕತ್ತೆತ್ತಿ ನೋಡಿ, "ಇವ್ಳು ಇಷ್ಟು ಉದ್ದ ಇದ್ಲಾ?" ಎನ್ನುತ್ತಾರೆ.

ಅಂದು ಸಂಜೆಯವರೆಗೂ ಮಿಷನ್ನು ನಿಲ್ಲುವುದಿಲ್ಲ. ಪಕ್ಕದ ತುಂಡುಗಳನ್ನು ಈ ಸಲ ಮಂಚಮ್ಮ ಕ್ರಾಸ್ ಕತ್ತರಿಸುತ್ತಾರೆ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಷ್ಟು ಬಂದು, ಬಿಟ್ಟಾಗ ಹಿಂದಕ್ಕೆ ಹೋಗುತ್ತದೆ. ಹೆಗಲಪಟ್ಟಿಗಳನ್ನು ಬೆನ್ನಿನ ಮೇಲೆ ಒಂದರ ಮೇಲೊಂದು ದಾಟಿಸುತ್ತಾರೆ. ಹುಕ್ಕಿನ ಕಡೆ ಮೂರು ಸಾಲು ಹೊಲಿಗೆ. ಒಂದರ ಬದಲು ಎರಡು ಬಾಡಿ ಹೊಲಿಯುತ್ತಾರೆ.

ಭಾನುವಾರ ಬೆಳಿಗ್ಗೆ ಏರಿಯ ಮೇಲೆ ಎಂಟು ಓಟ. ಹೊಲಿಗೆ ಬಿಡುವುದಿಲ್ಲ. ಆದರೆ ಆರನೆಯ ಓಟದಲ್ಲಿ ರಂಜಿತಳ ಭುಜ ಮತ್ತೆ ಮುಂದಕ್ಕೆ ಮುದುರಿ ವೇಗ ತಗ್ಗುತ್ತದೆ. ಏರಿಯ ಕೆಳಗೆ ಹುಲ್ಲು ಕೊಯ್ಯುವವರು ಯಾರೋ ನಿಂತು ನೋಡುತ್ತಿದ್ದಾರೆ. "ಅವ್ರ ಹುಲ್ಲು ಅವ್ರು ಕುಯ್ಯಲಿ, ನಿನ್ ದಾರಿ ನೀನು ನೋಡು," ಎಂದು ಮಂಚಮ್ಮ ಕೂಗುತ್ತಾರೆ. ನನಗೆ ಆಮೇಲೆ ಮೆಲ್ಲಗೆ ಹೇಳುತ್ತಾರೆ: "ಬಟ್ಟೆ ನನ್ ಕೈಲೈತೆ. ಅವಳ್ ಬೆನ್ನು ನನ್ ಕೈಲಿಲ್ಲ. ಅಲ್ಲಿ ನೂರು ಜನದ ಮುಂದೆ ಎಂಗೋ ಏನೋ."

ಸೋಮವಾರ ಮಂಚಮ್ಮ ಗಂಜಾಂಗೆ ಹೋಗುವುದಿಲ್ಲ. ಹನ್ನೊಂದು ವರ್ಷದಲ್ಲಿ ತಪ್ಪಿಸಿದ ಸೋಮವಾರಗಳು ನಾಲ್ಕು ಎಂದು ಅವರ ನೆನಪು. ಮೊದಲ ಬಸ್ಸಿಗೆ ಮಂಡ್ಯ. ಮೈದಾನದ ಒಳಗೆ ಅಭ್ಯರ್ಥಿಗಳಿಗೆ ಮಾತ್ರ ಪ್ರವೇಶ. ತಾಯಿ, ಮಂಚಮ್ಮ, ನಾನು ಕಾಂಪೌಂಡಿನ ಹೊರಗೆ ನಿಲ್ಲುತ್ತೇವೆ. ಗೋಡೆ ಎತ್ತರವಾಗಿದೆ. ಏನೂ ಕಾಣುವುದಿಲ್ಲ. ಸೀಟಿಯ ಸದ್ದು ಮಾತ್ರ ಕೇಳುತ್ತದೆ. ಒಂದು ಸೀಟಿ, ಓಡುವ ಕಾಲುಗಳ ದಡದಡ, ಮತ್ತೆ ಮೌನ. ಹೆಸರು ಕೂಗುವುದು ಇಲ್ಲಿಗೆ ತಲುಪುವುದಿಲ್ಲ. ರಂಜಿತಳ ಸರದಿ ಯಾವುದೋ ತಿಳಿಯದು. ಎರಡನೆಯ ಬಾಡಿ ಇರುವ ಚೀಲವನ್ನು ಮಂಚಮ್ಮ ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಪ್ರತಿ ಸೀಟಿಗೂ ಚೀಲದ ಮೇಲಿನ ಹಿಡಿತ ಬಿಗಿಯಾಗುತ್ತದೆ.

ಗೇಟಿನ ಪೇದೆಗೆ ಬೇಸರ ಕಳೆಯಬೇಕಿದೆ. "ಏನಜ್ಜಿ, ನೀನೂ ಓಡಕ್ ಬಂದ್ಯಾ?"

"ನಾನಲ್ಲ ಕಣಪ್ಪ. ನನ್ ಒಲ್ಗೆ ಓಡ್ತಾ ಐತೆ."

ಅವನಿಗೆ ಅರ್ಥವಾಗುವುದಿಲ್ಲ. ಮಂಚಮ್ಮ ವಿವರಿಸುವುದೂ ಇಲ್ಲ.

ಹನ್ನೊಂದೂಕಾಲಿಗೆ ರಂಜಿತ ಗೇಟಿನಿಂದ ಹೊರಗೆ ಬರುತ್ತಾಳೆ. ಮುಖ ಕೆಂಪಾಗಿದೆ. ಮಂಡಿ ತರಚಿದೆ, ಗೆರೆ ದಾಟಿದ ಮೇಲೆ ಬಿದ್ದಳಂತೆ. ತಾಯಿ ಮಂಡಿಯ ಮಣ್ಣು ಒರೆಸುತ್ತಾರೆ. ಮಂಚಮ್ಮನೇ ಕೇಳುತ್ತಾರೆ.

"ಕಿತ್ತೋಯ್ತಾ?"

"ಇಲ್ಲ."

"ಎಲ್ಲಿ ಒತ್ತುತು?"

ರಂಜಿತ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾಳೆ. "ಗೊತ್ತಾಗ್ಲಿಲ್ಲ ದೊಡ್ಡವ್ವ. ಆಕಂಡಿವ್ನಿ ಅನ್ನೋದೇ ಮರ್ತೋಗಿತ್ತು."

ಮಂಚಮ್ಮ ಗೋಡೆಗೆ ಒರಗಿ ಕೂತುಬಿಡುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ನಂಗಿಷ್ಟೇ ಬೇಕಾಗಿದ್ದು. ಒಳಗ್ ಆಕಿರೋದು ನೆಪ್ಪಾಗ್ಬಾರ್ದು. ನೆಪ್ಪಾಯ್ತು ಅಂದ್ರೆ ಒಲ್ದೋರು ಸೋತಂಗೆ," ಎನ್ನುತ್ತಾರೆ.

ಮುಂದಕ್ಕೆ ಏನಾದರೂ ಆಸೆ ಇದೆಯೇ ಎಂದು ವಾಪಸು ಬಸ್ಸಿನಲ್ಲಿ ಕೇಳಿದೆ. ಪಾಂಡವಪುರದ ಸಂತೆಯಲ್ಲಿ ನಾಲ್ಕು ಕಡ್ಡಿ ನೆಟ್ಟು, ಸುತ್ತ ಸೀರೆ ಕಟ್ಟಿ, ಹೆಂಗಸರು ಒಳಗೆ ಹೋಗಿ ಹಾಕಿ ನೋಡಿ ಕೊಳ್ಳುವಂಥ ಒಂದು ಜಾಗ ಮಾಡಬೇಕಂತೆ. "ಒಳಕ್ಕೆ ಬಂದೋರ್ಗೆ ಮೊದ್ಲು ನೆಟ್ಟಗೆ ನಿಂತ್ಕಳಿ ಅಂತೀನಿ. ಇನ್ಮೇಲೆ ಅದೇ ಮೊದ್ಲು," ಎಂದರು.

ಉಳಿದದ್ದನ್ನು ಇದ್ದಂತೆ ಹೇಳುತ್ತೇನೆ. ರಂಜಿತ ಎಷ್ಟು ಸೆಕೆಂಡಿನಲ್ಲಿ ಓಡಿದಳು ಎಂದು ಅಧಿಕಾರಿಗಳು ಬರೆದುಕೊಂಡರು, ಆಕೆಗೆ ತೋರಿಸಲಿಲ್ಲ. ಪಕ್ಕದಲ್ಲಿ ಯಾರು ಮುಂದಿದ್ದರು, ಯಾರು ಹಿಂದಿದ್ದರು ಎಂದು ಆಕೆ ನೋಡಲಿಲ್ಲ. ಆಯ್ಕೆಯಾದವರ ಹೆಸರನ್ನು ಬೋರ್ಡಿಗೆ ಹಾಕುತ್ತೇವೆ ಎಂದಿದ್ದರು. ನಾನು ಎರಡು ಸಲ ಹೋಗಿ ನೋಡಿ ಬಂದೆ, ಇನ್ನೂ ಹಾಕಿಲ್ಲ. ಇದನ್ನು ಅಚ್ಚಿಗೆ ಕಳಿಸುವ ಈ ದಿನದವರೆಗೂ ಆಕೆಗೆ ಕೆಲಸ ಸಿಕ್ಕಿತೋ ಇಲ್ಲವೋ ನನಗೆ ತಿಳಿದಿಲ್ಲ.