ಹಳದಿ ಪದರದ ಚುಕ್ಕೆಗಳು

ಇವತ್ತು ಮಿರಜಿನ ನನ್ನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಜಗಳವೇ ಆಯಿತು, ಗೆಳೆಯರೇ. ಖಂಡೇರಾಜುರಿಯ ಕುರಿಗಾರ ಬೀರು ಕಾಕಾ ತಮ್ಮ ಟಗರಿನ ಫೋಟೋವನ್ನು ಟೀ ಶರ್ಟಿಗೆ ಹಾಕಿಸಲು ವಾಟ್ಸಾಪಿನಲ್ಲಿ ಕಳಿಸಿ, ತಾವೂ ಅಂಗಡಿಗೆ ಬಂದಿದ್ದರು. ಅಚ್ಚಿಗೆಂದು ಒಂದೊಂದು ಬಣ್ಣವನ್ನೂ ಒಂದೊಂದು ಪದರವಾಗಿ ಬೇರ್ಪಡಿಸಿದರೆ ಹಳದಿ ಪದರದ ತುಂಬ ಮಸುಕು ಚುಕ್ಕೆಗಳು.

“ಇದು ಜೆಪೆಗ್ ಕಸ ರೀ ಕಾಕಾ. ಫೈಲ್ ಕುಗ್ಗಿಸಿದ್ರ ಬಣ್ಣ ಹಿಂಗ ಒಡೀತಾವ. ನನಗ ಕುಗ್ಗಿಸದ ಟಿಫ್ ಫೈಲ್ ಬೇಕು,” ಎಂದೆ.

“ಫೋಟೋ ಚೊಲೋನ ಐತಿ. ನಿನ್ನ ಮಷೀನಿನ ಕಣ್ಣ ಮಂಜಾಗ್ಯಾವ ತಗೋ ಯವ್ವಾ!” ಎಂದು ಕಾಕಾ ಸಿಡುಕಿದರು.

ಕೊನೆಗೆ ಫೋಟೋ ತೆಗೆದಿದ್ದ ಅವರ ಮಗಳೇ ಕ್ಯಾಮೆರಾದ ಮೂಲ ಚಿತ್ರದಿಂದ ಟಿಫ್ ಮಾಡಿ ಕಳಿಸಿದಳು. ಮತ್ತೆ ಹಳದಿ ಬೇರ್ಪಡಿಸಿದೆ. ಚುಕ್ಕೆಗಳು ಹೋಗಲಿಲ್ಲ. ಒಂದೊಂದೂ ಚೂಪಾಗಿ, ಟಗರಿನ ಕೊಂಬಿನಿಂದ ಆಕಾಶದವರೆಗೆ ಮೋಡದಂತೆ ಎದ್ದು ನಿಂತವು. ಎಲ್ಲ ಬಣ್ಣ ಕೂಡಿದ್ದಾಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಾಕಾನ ದನಿ ಇಳಿಯಿತು. “ಭಂಡಾರ ಐತಿ ಯವ್ವಾ. ಪೂಜಿ ದಿನ ದೇವರ ಹೆಸರಲೆ ನಾವ ತೂರಿದ ಅರಿಶಿಣ.”

ಚಪ್ಪಲಿ ಕಳಚಿ ಮಾನಿಟರಿಗೆ ಕೈಮುಗಿದರು. ಬೆಳಿಗ್ಗೆಯಿಂದ ಅದನ್ನೇ ಕಸವೆಂದು ಅಳಿಸುತ್ತ ಕೂತಿದ್ದ ನಾನು, ಮೇಜಿನ ಕೆಳಗೆ ಮೆಲ್ಲಗೆ ನನ್ನ ಚಪ್ಪಲಿಯನ್ನೂ ಕಳಚಿದೆ.