ಡೊಂಕು ಬೆನ್ನಿನ ಮೀನು

ಆರು ವರ್ಷದಿಂದ ಸಿರಿಗೇರಿಯಲ್ಲಿ ಮೀನು ಸಾಕುತ್ತಿದ್ದ ಸರ್ವರಬಿ ಅವತ್ತು ಹೊಂಡದಲ್ಲಿ ಬಲೆ ಎಳೆದಾಗ, ಹತ್ತರಲ್ಲಿ ನಾಲ್ಕು ಮೀನಿನ ಬೆನ್ನು ಕುಡುಗೋಲಿನಂತೆ ಬಾಗಿತ್ತು. ಕುರುಗೋಡಿಗೆ ಕೊಟ್ಟ ಮಗಳು ಕೈಸರ್ ಐದು ತಿಂಗಳ ಬಸುರಿ. ಅವಳಿಗೆ ವಾರವಾರ ಕಳಿಸುತ್ತಿದ್ದುದು ಇದೇ ಹೊಂಡದ ಮೀನು.

ಮೂರು ಮೀನನ್ನು ಬಕೀಟಿಗೆ ಹಾಕಿಕೊಂಡು ಬಸ್ಸು ಹತ್ತಿ ಬಳ್ಳಾರಿಗೆ ಹೋದಳು. ಮೀನಿನ ರೋಗ ನೋಡುವ ಚನ್ನಬಸವರಾಜ ಒಂದನ್ನು ತಿರುಗಿಸಿ ನೋಡಿ, "ಮೇವು ಎಲ್ಲಿ ಇಡ್ತೀರಿ?" ಎಂದ.

"ಥಂಡಿ ಹತ್ತಬಾರದಂತ ಅಟ್ಟದ ಮ್ಯಾಗ, ತಗಡಿನ ಕೆಳಗ. ಬ್ಯಾಸಿಗ್ಯಾಗ ತಂದಿದ್ದು."

"ಈ ಬಿಸಿಲಿಗೆ ನಾವಽ ಬೇಯ್ತೀವಿ, ಮೇವು ಉಳಿತೈತೇನ್ರಿ? ಅದರಾಗಿನ ವಿಟಮಿನ್ ಸಿ ಹೋಗಿಬಿಟ್ಟಿರ್ತೈತಿ. ಅದಿಲ್ಲಂದ್ರ ಮರಿ ಎಲುಬು ಗಟ್ಟಿ ಆಗಂಗಿಲ್ಲ, ಬೆನ್ನು ಡೊಂಕಾಗತೈತಿ."

"ಹಂಗಾರ ತಿಂದೋರಿಗೆ ಏನೂ ಆಗಂಗಿಲ್ಲಲ್ರಿ?"

ಅವನು ಮೀನನ್ನು ಬಕೀಟಿಗೆ ಬಿಟ್ಟ. "ಮೇವಿಂದಽ ಆಗಿದ್ರ ಇಲ್ಲ. ಆದ್ರ ಗದ್ದಿಗೆ ಹೊಡದ ಔಷಧ ಹೊಂಡಕ್ಕ ಬಸಿದ್ರೂ ಹಿಂಗಽ ಬಾಗ್ತಾವ. ನೀರು ಪರೀಕ್ಷಿ ಆಗಲಿ, ಅಲ್ಲಿತನಕ ಯಾರೂ ತಿನ್ನಬ್ಯಾಡ್ರಿ."

ಸರ್ವರಬಿಯ ಹೊಂಡದ ಮೂರೂ ಕಡೆ ಭತ್ತದ ಗದ್ದೆ.

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಕೈಸರ್‌ಳ ಫೋನು. "ಅಮ್ಮಾ, ಈ ವಾರ ಮೀನು ಎಲ್ಲಿ? ನಿನ್ನ ಮೊಮ್ಮಗ ಬಾಯಿ ತಕ್ಕೊಂಡು ಕುಂತಾನ."

"ಬಲಿ ಹರದೈತವ್ವ," ಎಂದು ಸುಳ್ಳು ಹೇಳಿದಳು. "ನಾಳೆ ಬರ್ತೀನಿ. ಡಾಕ್ಟರಮ್ಮನ ಹತ್ರ ಹೋಗಿಬರೋಣು."

"ಹೋದ ವಾರಽ ತೋರಿಸಿದ್ನಲ್ಲ?"

"ಇನ್ನೊಮ್ಮೆ ತೋರಿಸು. ನಾನೂ ಕೇಳೋದೈತಿ."