ಭಾವನ ಮೆಮೊರಿ ಕಾರ್ಡು

ಟೆಲಿಫೋನ್ ಕಚೇರಿಯಲ್ಲಿ ಜೀವಮಾನವಿಡೀ ಲಕೋಟೆಗೆ ಗೋಂದು ಹಚ್ಚಿದ ಮನುಷ್ಯನನ್ನು ಓಣಿಯವರೆಲ್ಲ ‘ಎಂಜಿನಿಯರ್’ ಎಂದು ಕರೆಯುತ್ತಿದ್ದರು. ಅದು ಕುಚೋದ್ಯವೆಂಬುದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ನಿವೃತ್ತನಾದ ಮೇಲೆ ಅವನು ರಿಪೇರಿಗೆ ಕೈಹಾಕಿದ. ಮಿಕ್ಸಿ ಹೊಗೆಯಾಡಿತು, ಇಸ್ತ್ರಿಪೆಟ್ಟಿಗೆ ಶಾಕ್ ಹೊಡೆಯಿತು. ತಪ್ಪು ಮಾತ್ರ ಪ್ರತಿ ಸಲವೂ ಸಾಮಾನಿನದೇ.

ಅವನ ತಮ್ಮನ ಹೆಂಡತಿ ಅದೇ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮುದ್ರಣಾಲಯಕ್ಕೆ ಪುಸ್ತಕದ ಪುಟ ಜೋಡಿಸುತ್ತಿದ್ದಳು. ಅವಳ ಹಳೆಯ ಲ್ಯಾಪ್‌ಟಾಪು ಒಂದು ಪುಟ ತೆರೆಯುವಷ್ಟರಲ್ಲಿ ಲೋಟದ ಕಾಫಿ ಆರಿರುತ್ತಿತ್ತು. ರ‍್ಯಾಮ್ ಎಂಬ ಒಳಗಿನ ಮೆಮೊರಿ ಹೆಚ್ಚಿಸಬೇಕು ಎಂದು ಕಂಪ್ಯೂಟರ್ ಅಂಗಡಿಯವನು ಹೇಳಿದ್ದ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಭಾವ ಬಾಗಿಲಲ್ಲಿ ಪ್ರತ್ಯಕ್ಷನಾದ.

“ರ‍್ಯಾಮೂ ಬೇಡ ಗೀಮೂ ಬೇಡಮ್ಮ. ಪಕ್ಕದ ಸಂದೀಲಿ ಮೆಮೊರಿ ಕಾರ್ಡ್ ಸಿಕ್ಕಿಸಿದ್ರೆ ಸಾಕು, ಕುದುರೆ ಥರ ಓಡುತ್ತೆ.”

“ಬೇಡ ಭಾವ. ನಾಡಿದ್ದು ಪುಸ್ತಕ ಕೊಡ್ಬೇಕು. ಮುಟ್ಬೇಡಿ.”

ಬೇಡ ಎಂದದ್ದು ಅವನಿಗೆ ಬೇಗ ಎಂದು ಕೇಳಿಸುತ್ತಿತ್ತೇನೋ. ಅವಳು ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಕಾರ್ಡು ಲ್ಯಾಪ್‌ಟಾಪಿನೊಳಗಿತ್ತು, ಅವನು ಅವಳ ಕುರ್ಚಿಯಲ್ಲಿದ್ದ. ವೇಗ ಮಾತ್ರ ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ.

“ಹೊಸದಲ್ವಾ, ಒಗ್ಗಬೇಕು,” ಎಂದ.

“ಕಾರ್ಡ್ ಎಲ್ಲಿಂದ ತಂದ್ರಿ?”

“ನಿನ್ ಕ್ಯಾಮೆರಾದಲ್ಲಿ ಸುಮ್ನೆ ಬಿದ್ದಿತ್ತು. ಏನೇನೋ ತುಂಬ್ಕೊಂಡಿತ್ತು, ಎಲ್ಲಾ ಅಳಿಸಿ ಚೊಕ್ಕ ಮಾಡಿ, ಇದ್ರಲ್ಲಿದ್ದ ಒಂದಷ್ಟು ಫೈಲು ಅದಕ್ಕೆ ಕಾಪಿ ಮಾಡಿದೆ.”

ಅವಳು ತರಕಾರಿ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. “ಅದ್ರಲ್ಲಿ ನಿಮ್ಮಮ್ಮನ ಫೋಟೋ ಇದ್ವು. ಕೊನೇ ವರ್ಷದ್ದು. ಬೇರೆಲ್ಲೂ ಇಲ್ಲ.”

ಅವನು ಕುರ್ಚಿ ಬಿಟ್ಟೆದ್ದ. ಆಮೇಲೆ, “ಫೋಟೋದಲ್ಲೇನಿದೆ ಬಿಡು,” ಎಂದ. “ಅಮ್ಮ ಮನಸ್ಸಲ್ಲಿರ್ಬೇಕು.”

ಹಾಸಿಗೆ ಹಿಡಿದಿದ್ದ ಆ ಅಮ್ಮನ ಕೋಣೆಗೆ ಈ ಮಗ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬರುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಅತ್ತೆಯ ಮೈ ಒರೆಸಿ, ತಲೆ ಬಾಚಿ, ನಗಿಸಿ ಫೋಟೋ ತೆಗೆದವಳು ಅವಳು. ಇಂಥವನ ಜೊತೆ ಜಗಳಕ್ಕೆ ನಿಂತರೆ ತನ್ನ ಮಾತಿಗೇ ಅವಮಾನ ಅನ್ನಿಸಿತು. ಕಾರ್ಡು ಕಿತ್ತುಕೊಂಡು, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿ ಅಂಗಡಿಗೆ ನಡೆದಳು.

“ಅಳಿಸಿದ್ ಜಾಗದ ಮೇಲೇ ಬೇರೆ ಏನೋ ತುಂಬಿದಾರಲ್ಲಕ್ಕ,” ಎಂದು ಅಂಗಡಿಯವನು ಪೇಚಾಡಿಕೊಂಡ. ಕೊನೆಗೆ ಉಳಿದು ಬಂದದ್ದು ಬೆರಳೆಣಿಕೆಯಷ್ಟು ಫೋಟೋ. ಒಂದರಲ್ಲಿ ಅತ್ತೆಯ ಹಣೆ, ಕಣ್ಣು, ನಗುವಿನ ಅರ್ಧ ಇತ್ತು. ಮಿಕ್ಕದ್ದೆಲ್ಲ ಬೂದು ಪಟ್ಟೆ. ರ‍್ಯಾಮನ್ನೂ ಅಲ್ಲೇ ಹಾಕಿಸಿದಳು. ಪುಸ್ತಕ ಹೇಳಿದ ದಿನಕ್ಕೇ ಮುದ್ರಣಾಲಯ ಸೇರಿತು.

ಅರ್ಧ ನಗುವಿನ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ಒಂದು ದಿನ ಪಕ್ಕದ ಮನೆಯಾಕೆ ಬಂದವಳು ಅದರ ಮುಂದೆ ನಿಂತಳು.

“ಕಾರ್ಡ್ ಕೆಟ್ಟೋಗಿತ್ತು,” ಭಾವ ಗಂಟಲು ಸರಿಮಾಡಿಕೊಂಡ. “ಹೇಗೋ ನಾವಿಷ್ಟು ಉಳಿಸ್ಕೊಂಡ್ವಿ.”

ತಮ್ಮನ ಹೆಂಡತಿ ಅವನ ಮುಖವನ್ನೂ ನೋಡದೆ ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.